ಎಲ್ಲಾ ಮರಳನ್ನೂ ತೊಳೆಯಬೇಕಿಲ್ಲ

"ಹೊಸ ರೀಫ್ ಟ್ಯಾಂಕಿಗೆ (ಹವಳ ಸಾಕುವ ಉಪ್ಪುನೀರಿನ ಅಕ್ವೇರಿಯಂ) ಯಾವ ಮರಳಾದರೂ ನಲ್ಲಿ ನೀರಲ್ಲಿ ತೊಳೆಯಿರಿ; ಪಂಪು, ಹೀಟರನ್ನು ಸೋಪು ಹಾಕಿ ಉಜ್ಜಿ" ಎಂಬ ಮೆಸೇಜ್ ಓಡಾಡುತ್ತಿದೆ. ಅರ್ಧ ಮಾತ್ರ ಸರಿ.

ಒಣ ಅರಾಗೊನೈಟ್ (ಕ್ಯಾಲ್ಸಿಯಂ ಕಾರ್ಬೊನೇಟಿನ) ಮರಳನ್ನು ತೊಳೆಯಬೇಕು, ನಿಜ. ಬಕೆಟ್ಟಿಗೆ ಸ್ವಲ್ಪ ಸ್ವಲ್ಪವೇ ಹಾಕಿ ಕೈಯಾಡಿಸಿ. ಮೊದಲ ನೀರು ಹಾಲಿನಂತೆ ಬೆಳ್ಳಗಿರುತ್ತದೆ. ಬಗ್ಗಿಸಿ, ಮತ್ತೆ ತುಂಬಿ, ನೀರು ತಿಳಿಯಾಗುವವರೆಗೆ.

ಒದ್ದೆ ಪ್ಯಾಕೆಟ್ಟಿನಲ್ಲಿ ಬರುವ ಲೈವ್ ಸ್ಯಾಂಡ್ ಕಥೆ ಬೇರೆ. ಅದಕ್ಕೆ ಜಾಸ್ತಿ ದುಡ್ಡು ಕೊಡುವುದೇ ಅದರಲ್ಲಿರುವ, ಟ್ಯಾಂಕಿನ ಕೊಳೆ ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳಿಗಾಗಿ. ನಲ್ಲಿ ನೀರಿನ ಕ್ಲೋರಿನ್ ಅವನ್ನೇ ಕೊಲ್ಲುತ್ತದೆ. ಸುಮ್ನೆ ದುಡ್ಡು ದಂಡ, ಅಲ್ವಾ? ಉಪ್ಪು ಬೆರೆಸಿ ಸಾಪೇಕ್ಷ ಸಾಂದ್ರತೆ (ಸ್ಪೆಸಿಫಿಕ್ ಗ್ರಾವಿಟಿ) 1.025ರ ಆಸುಪಾಸಿಗೆ ಬಂದ ನೀರಿಗೆ ತೊಳೆಯದೆ ಹಾಕಿ. ಒಂದೆರಡು ದಿನ ಮಬ್ಬಾದರೆ ಗಾಬರಿ ಬೇಡ.

ಪಂಪು, ಹೀಟರಿಗೆ ಸೋಪಂತೂ ಬೇಡವೇ ಬೇಡ. ನೀರು ಬೆರೆಸಿದ ಬಿಳಿ ವಿನೆಗರಿನಲ್ಲಿ ಒರೆಸಿ ತೊಳೆದರೆ ಸಾಕು. ಹೀಟರ್ ಮುಳುಗುವ ಮುಂಚೆ ಸ್ವಿಚ್ ಹಾಕಬೇಡಿ, ಗಾಜು ಬಿರುಕು ಬಿಡಬಹುದು.