ಕೂಸಿಗೂ ಮುಂಚೆ ಕುಲಾವಿ, ಬಟನ್‌ಗೂ ಮುಂಚೆ ಲೋಗೊ

ಎಚ್‌ಎಸ್‌ಆರ್ ಲೇಔಟಿನ ಸ್ಟಾರ್ಟಪ್ಪೊಂದರ ಆ್ಯಪ್‌ಗೆ ನಾಲ್ಕು ಸ್ಕ್ರೀನ್ ಆದವೋ ಇಲ್ಲವೋ, 'ಹಗುರವಾದ ಡಿಸೈನ್ ಸಿಸ್ಟಂ ಬೇಕು' ಎಂಬ ನಿರ್ಣಯ ಪಾಸಾಗುತ್ತದೆ. ಅಂದರೆ ಬಣ್ಣ, ಬಟನ್‌ಗಳನ್ನು ಒಮ್ಮೆ ಮಾಡಿಟ್ಟು ಎಲ್ಲ ಸ್ಕ್ರೀನಿನಲ್ಲೂ ಬಳಸುವ ಏರ್ಪಾಡು. ಮೊದಲ ವಾರ ನಾಮಕರಣಕ್ಕೇ ಮೀಸಲು. ಸಂಸ್ಕೃತದ ಹೆಸರೋ, ಗ್ರಹದ ಹೆಸರೋ ಎಂದು ಮೂರು ಮೀಟಿಂಗ್ ನಡೆದು, ಲೋಗೊ ಬಂದು, ಲ್ಯಾಪ್‌ಟಾಪಿಗೆ ಸ್ಟಿಕರ್ ಅಂಟುತ್ತದೆ. ಬಟನ್ ಇನ್ನೂ ಹುಟ್ಟಿಲ್ಲ. ಕುಲಾವಿಗೆ ಮಾತ್ರ ಡಾರ್ಕ್ ಮೋಡ್ ಸಿದ್ಧ.

ಆಮೇಲೆ ಬಣ್ಣ. ಪುಟದ ಅಂದಚಂದ ಬರೆದಿಡುವ ಸಿಎಸ್‌ಎಸ್ ಕೆದಕಿದರೆ ನಲವತ್ತು ಬಗೆಯ ಬೂದು ಸಿಗುತ್ತವೆ. ಅವನ್ನು ಐದಾರಕ್ಕೆ ಇಳಿಸುವುದೇ ಕೆಲಸ. ಇಳಿಸಿದರೆ ಯಾರದೋ ಮನಸ್ಸು ನೋಯುತ್ತದಲ್ಲ! ಹಾಗಾಗಿ ನಲವತ್ತಕ್ಕೂ ಟೋಕನ್, ಅಂದರೆ ಸಿಸ್ಟಂನ ಅಧಿಕೃತ ಹೆಸರು, ಕೊಟ್ಟು ಪಟ್ಟಾಭಿಷೇಕ. ಅದರಲ್ಲೂ ಬಿಳಿಯ ಮೇಲೆ #999 ಎಂಬ ತೆಳು ಬೂದು ಎಲ್ಲರ ಮುದ್ದು. ಅದರ ಕಾಂಟ್ರಾಸ್ಟ್ (ಅಕ್ಷರಕ್ಕೂ ಹಿನ್ನೆಲೆಗೂ ನಡುವಿನ ಹೊಳಪಿನ ಅನುಪಾತ) 2.85, ಸಾಮಾನ್ಯ ಅಕ್ಷರಕ್ಕೆ ವೆಬ್ ಎಲ್ಲರಿಗೂ ಎಟುಕಬೇಕೆಂಬ ಡಬ್ಲ್ಯುಸಿಎಜಿ ಮಾರ್ಗಸೂಚಿ ಕೇಳುವುದು 4.5. ಇನ್ನಷ್ಟು ಗಾಢವಾದ #767676ಕ್ಕೆ ಇಳಿದರೆ ಸಾಕಿತ್ತು, ಆದರೆ 'ಪ್ರೀಮಿಯಂ ಫೀಲ್' ಹೋಗುತ್ತದಂತೆ. ಓದಲಾಗದ್ದೇ ಪ್ರೀಮಿಯಂ.

ಇನ್ನು ಬಟನ್. ಬಗೆ, ಗಾತ್ರ, ಲೋಡಿಂಗ್, ಡಿಸೇಬಲ್ಡ್: ನಾಲ್ಕು ಪ್ರಾಪ್‌ನಲ್ಲಿ (ಬಟನ್ನಿಗೆ ಕೊಡುವ ಆಯ್ಕೆಗಳಲ್ಲಿ) ಮುಗಿಯಬೇಕಾದ್ದು. 'ಬಗೆ' ಎಂಬ ಒಂದೇ ಪ್ರಾಪ್ ಇಡುವ ಬದಲು ಪ್ರೈಮರಿ, ಸೆಕೆಂಡರಿ, ಡೇಂಜರ್, ಘೋಸ್ಟ್ ಎಂದು ಹೌದು-ಅಲ್ಲಗಳನ್ನು ಸುರಿಯುತ್ತಾರೆ. ಅಂಥವು ಆರಾದರೆ 64 ಅವತಾರ. ಪ್ರೈಮರಿಯೂ ಹೌದು, ಡೇಂಜರೂ ಹೌದು ಎಂದರೆ ಯಾವ ಬಣ್ಣ? ಸಿಎಸ್‌ಎಸ್ ಫೈಲಿನಲ್ಲಿ ಕೊನೆಗೆ ಬರೆದದ್ದು. ಮಾರ್ಕೆಟಿಂಗ್‌ನವರಿಗೆಂದು 'ದೀಪಾವಳಿ' ಎಂಬ ಪ್ರಾಪ್ ಬೇರೆ. ಯುಗಾದಿ ಬಂದರೂ ಅದನ್ನು ಯಾರೂ ತೆಗೆಯುವುದಿಲ್ಲ.

ಅಸಲಿ ಜಾತ್ರೆ ಶುರುವಾಗುವುದು ಕನ್ನಡ ಹಾಕಿದ ದಿನ. ಬಟನ್ ಎತ್ತರ 32 ಪಿಕ್ಸೆಲ್ ಎಂದು ಕಟ್ಟಿಹಾಕಿ, ಒಳಗಿನ ಲೇಬಲ್‌ಗೆ ಲೈನ್-ಹೈಟ್ (ಸಾಲಿನ ಎತ್ತರ) 1, ಓವರ್‌ಫ್ಲೋ ಹಿಡನ್ (ಹೊರಚಾಚಿದ್ದಕ್ಕೆ ಕತ್ತರಿ) ಕೊಟ್ಟಿರುತ್ತಾರೆ. ಇಂಗ್ಲಿಷಿಗೆ ಒತ್ತಕ್ಷರ ಇಲ್ಲವಲ್ಲ! 'ರದ್ದು' ಹೋಗಿ 'ರದು' ಆಗುತ್ತದೆ. ದಿನಸಿ ಆ್ಯಪ್‌ನಲ್ಲಿ 'ಅಕ್ಕಿ' ಹೋಗಿ 'ಅಕಿ' ಆದರೆ, ಧಾರವಾಡದ ಗ್ರಾಹಕ 'ಯಾವಾಕಿ?' ಎಂದು ಕೇಳಬೇಕಾಗುತ್ತದೆ. 'ಓಕೆ'ಗೆಂದು ಅಳೆದ ಅಗಲದಲ್ಲಿ 'ದೃಢೀಕರಿಸಿ' ಉಸಿರುಗಟ್ಟಿ ಮೂರು ಚುಕ್ಕಿಯಾಗುತ್ತದೆ. ಎತ್ತರದ ಬದಲು ಕನಿಷ್ಠ ಎತ್ತರ, ಮೇಲೆ ಕೆಳಗೆ 8 ಪಿಕ್ಸೆಲ್ ಪ್ಯಾಡಿಂಗ್ (ಖಾಲಿ ಜಾಗ), ಲೈನ್-ಹೈಟ್ 1.5 ಕೊಟ್ಟು, ಬಟನ್‌ಗಳನ್ನು ಬಿಡಿಬಿಡಿಯಾಗಿ ಪರೀಕ್ಷಿಸುವ ಸ್ಟೋರಿಬುಕ್‌ನಲ್ಲಿ ಎರಡು ಒತ್ತಿನ 'ರಾಷ್ಟ್ರ' ಎಂದು ಬರೆದು ನೋಡಿದ್ದರೆ ಹತ್ತು ನಿಮಿಷದ ಕೆಲಸ. ದೂರಿನ ಟಿಕೆಟ್ ಮಾತ್ರ 'ಫಾಂಟ್ ಸಮಸ್ಯೆ' ಎಂದು ಮುಚ್ಚಿಹೋಗುತ್ತದೆ.

ಅಷ್ಟರಲ್ಲಿ ಸಿಸ್ಟಂನ 2.0 ಆವೃತ್ತಿಯ ಘೋಷಣೆ. ಹಳೇ ಬಟನ್ ಅಳಿಸುವ ದಿನಾಂಕ ಯಾರೂ ಬರೆದಿಲ್ಲದ ಕಾರಣ 'ಬಟನ್', 'ಬಟನ್‌ನ್ಯೂ', 'ಬಟನ್‌ಫೈನಲ್' ಮೂರೂ ಒಂದೇ ಫೋಲ್ಡರಿನಲ್ಲಿ ಕೂಡು ಕುಟುಂಬ ಹೂಡಿವೆ. ಪೇಮೆಂಟ್ ಪುಟದಲ್ಲಿ ಇನ್ನೂ ಸಿಸ್ಟಂ ಹುಟ್ಟುವ ಮುಂಚಿನ ಬಟನ್ನೇ. ದುಡ್ಡು ಬರುವ ಜಾಗ ನೋಡಿ, ಅಲ್ಲಿ ಕೈಹಾಕಲು ಯಾರಿಗೂ ಧೈರ್ಯವಿಲ್ಲ.