ಸೊಲ್ಲಾಪುರದಲ್ಲಿ ಒಂದು ಸಲ ಇಳೀರಿ

ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬೆಂಗಳೂರಿನಿಂದ ಮುಂಬೈಗೆ ಹೋಗುವವರೆಲ್ಲ ನಮ್ಮೂರನ್ನು ಕಿಟಕಿಯಿಂದ ನೋಡಿರುತ್ತಾರೆ. ಪ್ಲಾಟ್‌ಫಾರ್ಮಿನಲ್ಲಿ ಒಂದು ಚಹಾ, ಮುಂದಿನ ಊರು. ಸೊಲ್ಲಾಪುರ ಅಂದರೆ ಚಾದರ, ಟವೆಲ್. ನವೆಂಬರ್ ಬಂದರೆ ಗಡಿ ವಿಚಾರ. ಇದರಾಚೆ ನಮ್ಮೂರಿನ ಬಗ್ಗೆ ಕರ್ನಾಟಕದ ಕನ್ನಡಿಗರು ಕೇಳುವುದೇ ಇಲ್ಲ. ನನಗೆ ಇದು ತುಂಬಾ ಬೇಜಾರಿನ ವಿಷಯ.

ಹೋದ ವಾರ ಬೆಂಗಳೂರಿನ ಗೆಳತಿಯೊಬ್ಬಳು ಬಂದಿದ್ದಳು. ಸ್ಟೇಷನ್ನಿನಿಂದ ಮನೆ ತಲುಪುವಷ್ಟರಲ್ಲೇ ಕೇಳಿದಳು, "ಇಲ್ಲಿ ಕನ್ನಡ ಎಲ್ಲಿದೆ ಮಾರಾಯ್ತಿ? ಒಂದು ಬೋರ್ಡೂ ಕಾಣ್ತಿಲ್ಲವಲ್ಲ."

ಉತ್ತರ ಹೇಳಲಿಲ್ಲ. ಬಾಳಿವೇಸ ಕಡೆಯ ಒಂದು ಸಣ್ಣ ಖಾನಾವಳಿಗೆ ಕರೆದುಕೊಂಡು ಹೋದೆ. ಅಲ್ಲೂ ಬೋರ್ಡು ಮರಾಠಿಯದೇ. ಮಾಲೀಕರು ನಮ್ಮನ್ನು ಮರಾಠಿಯಲ್ಲೇ ಮಾತಾಡಿಸಿದರು. ಆಮೇಲೆ ಒಳಗೆ ತಿರುಗಿ ಕೂಗಿದರು, "ಅಕ್ಕಾ, ಎರಡು ಬಿಸಿ ರೊಟ್ಟಿ ತಾ, ಪುಂಡಿಪಲ್ಯ ಉಳದೈತೇನ?" ಪಕ್ಕದ ಟೇಬಲ್ಲಿನಲ್ಲಿ ಒಂದು ನೇಕಾರರ ಕುಟುಂಬ ತೆಲುಗಿನಲ್ಲಿ ಮಾತಾಡಿಕೊಂಡು ಊಟ ಮಾಡುತ್ತಿತ್ತು. ಗೆಳತಿ ನನ್ನ ಮುಖ ನೋಡಿದಳು. ನಮ್ಮೂರಲ್ಲಿ ಕನ್ನಡ ಬೇಕಾದರೆ ಅಡುಗೆಮನೆಯ ಕಡೆ ಕಿವಿ ಕೊಡಬೇಕು.

ಊಟ ಆದ ಮೇಲೆ ನಾವು ಹೋಗಿದ್ದು ನಮ್ಮ ಓಣಿಯ ಕಾಕು, ಅಂದರೆ ಚಿಕ್ಕಮ್ಮನ ಮನೆಗೆ. ಅವರು ಶೇಂಗಾ ಹಿಂಡಿ ಕುಟ್ಟಿ ಮಾರುತ್ತಾರೆ. ಹುರಿದ ಶೇಂಗಾ, ಬಳ್ಳೊಳ್ಳಿ, ಕೆಂಪು ಖಾರ, ಜೀರಿಗೆ, ಉಪ್ಪು. ಅಷ್ಟೇ. ಒಂದು ಹನಿ ನೀರಿಲ್ಲ, ಎಣ್ಣೆಯಿಲ್ಲ. ಒರಳಿಗೆ ಹಾಕಿ ಕುಟ್ಟುತ್ತಾ ಹೋದ ಹಾಗೆ ಮೊದಲು ಪುಡಿ ಆಗುತ್ತದೆ, ಆಮೇಲೆ ಬಣ್ಣ ಗಾಢವಾಗುತ್ತದೆ, ಆಮೇಲೆ ಶೇಂಗಾ ತನ್ನ ಎಣ್ಣೆ ತಾನೇ ಬಿಡುತ್ತದೆ. ಕೈಯಲ್ಲಿ ಹಿಡಿದರೆ ಉಂಡೆ ಕಟ್ಟಬೇಕು. ಗೆಳತಿ, "ಮಿಕ್ಸಿಗೆ ಹಾಕಿದ್ರೆ ಬೇಗ ಆಗಲ್ವಾ ಆಂಟಿ?" ಅಂದಳು. ಕಾಕು ಒನಕೆ ನಿಲ್ಲಿಸಲಿಲ್ಲ. "ಮಿಕ್ಸರ್‌ಗೆ ಹಾಕಿದ್ರ ಪುಡಿ ಆಕ್ಕೈತಿ ತಂಗಿ, ಹಿಂಡಿ ಆಗಂಗಿಲ್ಲ" ಅಂದರು.

ಇದನ್ನು ನಾನು ಕಲೆ ಅಂತಲೇ ಕರೆಯುತ್ತೇನೆ. ಹಪ್ಪಳದಷ್ಟು ತೆಳ್ಳಗೆ ಬಡಿದು, ಒಣಗಿಸಿ, ತಿಂಗಳುಗಟ್ಟಲೆ ಇಡಬಹುದಾದ ಖಡಕ್ ರೊಟ್ಟಿಯೂ ಕಲೆಯೇ. ಊರಿನ ಕಲಾವಿದರು ಯಾರು ಅಂತ ಕೇಳಿದರೆ ಬರೀ ನಾಟಕದವರನ್ನು, ಚಿತ್ರ ಬಿಡಿಸುವವರನ್ನು ತೋರಿಸುತ್ತೇವಲ್ಲ, ಅದು ಸರಿಯಲ್ಲ. ಸೊಲ್ಲಾಪುರದವರೇ ಆದ ಕವಯಿತ್ರಿ ಜಯದೇವಿತಾಯಿ ಲಿಗಾಡೆ ಶಾಲೆಯಲ್ಲಿ ಕಲಿತಿದ್ದು ಮರಾಠಿ. ಕನ್ನಡ ಆಮೇಲೆ ತಾವೇ ಕಲಿತರು. ಶರಣ ಸಿದ್ಧರಾಮನ ಕಥೆಯನ್ನು ಅವರು ಬರೆದಿದ್ದು ಯಾವ ಛಂದಸ್ಸಿನಲ್ಲಿ ಗೊತ್ತಾ? ತ್ರಿಪದಿಯಲ್ಲಿ. ನಮ್ಮ ಹೆಣ್ಣುಮಕ್ಕಳು ಬೀಸುಕಲ್ಲಿನ ಮುಂದೆ ಕೂತು ಹಾಡುವ ಅದೇ ತ್ರಿಪದಿ. 1974ರಲ್ಲಿ ಮಂಡ್ಯದ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಆ ಜಾಗಕ್ಕೆ ಬಂದ ಮೊದಲ ಹೆಣ್ಣುಮಗಳು ಗಡಿಯಾಚೆಯ ನಮ್ಮೂರಿನವರು. ಗೆಳತಿಗೆ ಇದು ಗೊತ್ತಿರಲಿಲ್ಲ. ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತಿತ್ತು?

ಎರಡನೇ ದಿನ ಪಾರ್ಕ್ ಚೌಕದ ಹತ್ತಿರ ಸ್ವಾತಂತ್ರ್ಯ ಹೋರಾಟದ ನಾಲ್ವರು ಹುತಾತ್ಮರ ಪ್ರತಿಮೆಗಳ ಮುಂದೆ ನಿಂತೆವು. ಮಲ್ಲಪ್ಪ ಧನಶೆಟ್ಟಿ, ಕುರ್ಬಾನ್ ಹುಸೇನ್, ಜಗನ್ನಾಥ ಶಿಂಧೆ, ಶ್ರೀಕಿಸನ್ ಸಾರಡಾ. 1931ರ ಜನವರಿ 12ರಂದು ಯೆರವಡಾ ಜೈಲಿನಲ್ಲಿ ನಾಲ್ವರನ್ನೂ ಗಲ್ಲಿಗೇರಿಸಿದರು. ಆ ನಾಲ್ಕು ಹೆಸರು ಓದಿದರೆ ಸಾಕು, ಈ ಊರು ಎಂಥದ್ದು ಅಂತ ತಿಳಿಯುತ್ತದೆ.

ಅಲ್ಲಿಂದ ಸಿದ್ಧೇಶ್ವರ ಗುಡಿ. ಸುತ್ತಲೂ ಕೆರೆ. ಹನ್ನೆರಡನೇ ಶತಮಾನದಲ್ಲಿ ಸಿದ್ಧರಾಮ ಜನರನ್ನು ಕಟ್ಟಿಕೊಂಡು ತೋಡಿದ ಕೆರೆ ಅಂತ ಎಲ್ಲರೂ ಹೇಳುತ್ತಾರೆ. ಕಪಿಲಸಿದ್ಧಮಲ್ಲಿಕಾರ್ಜುನಾ ಅಂತ ವಚನ ಬರೆದ ಸಿದ್ಧರಾಮ ನಡೆದಾಡಿದ ಸೊನ್ನಲಿಗೆ ಇದೇ. ಸಂಕ್ರಾಂತಿಯ ಗಡ್ಡಾ ಜಾತ್ರೆಯ ಬಗ್ಗೆ ಹೇಳುವಾಗ ನನ್ನ ದನಿ ತಾನೇ ಏರಿತು. ಭೋಗಿ ದಿನ ಏಳು ನಂದಿಧ್ವಜಗಳು ಜಾತ್ರೆ ನಡೆಸುವ ಹಿರೇಹಬ್ಬು ಮನೆತನದ ವಾಡೆಯಿಂದ ಹೊರಟು ಅರವತ್ತೆಂಟು ಲಿಂಗಗಳಿಗೆ ಹೋಗುತ್ತವೆ. ಬಿಳಿ ಬಾರಾಬಂದಿ ತೊಟ್ಟ ಗಂಡಸರು ಆ ಎತ್ತರದ ಕೋಲುಗಳನ್ನು ಹೊತ್ತಿರುತ್ತಾರೆ. ಆ ದಿನದ ಎಣ್ಣೆ ಮಜ್ಜನವನ್ನು ಮರಾಠಿ ಪತ್ರಿಕೆಗಳೂ "ಯಣ್ಣಿಮಜ್ಜನ" ಅಂತ ಬರೆಯುತ್ತವೆ. ಮರುದಿನ ಸಮ್ಮತಿ ಕಟ್ಟೆಯ ಹತ್ತಿರ ಅಕ್ಷತೆ, ಅಂದರೆ ಸಿದ್ಧರಾಮನ ಯೋಗದಂಡದ ಸಾಂಕೇತಿಕ ಮದುವೆ. ಸಮ್ಮತಿ, ಅಂದರೆ ಆ ಮದುವೆಯ ಒಪ್ಪಿಗೆಯ ಮಾತು, ಓದುವುದು ಕನ್ನಡದಲ್ಲಿ. "ಸತ್ಯಂ ಸತ್ಯಂ" ಅಂದ ಕೂಡಲೇ ಮರಾಠಿಯವರು, ತೆಲುಗಿನವರು, ನಾವು, ಎಲ್ಲರ ಕೈಯಿಂದಲೂ ಒಟ್ಟಿಗೆ ಅಕ್ಕಿಕಾಳು ಹಾರುತ್ತದೆ. ನಾನು ಚಿಕ್ಕವಳಿದ್ದಾಗ ಅಪ್ಪನ ಹೆಗಲ ಮೇಲೆ ಕೂತು ಎಸೆದಿದ್ದು, ಮುಂದಿನವರ ಟೋಪಿ ಮೇಲೆ ಬಿದ್ದ ಆ ಹಳದಿ ಕಾಳು, ಈಗಲೂ ಕಣ್ಣ ಮುಂದಿದೆ.

ಗೆಳತಿ ಹೊರಡುವಾಗ ಕಾಕು ಅರ್ಧ ಕಿಲೋ ಹಿಂಡಿ ಕಟ್ಟಿಕೊಟ್ಟರು. ದುಡ್ಡು ತಗೊಳ್ಳಲಿಲ್ಲ. "ಸಂಕ್ರಾಂತಿಗೆ ಬಾರವ್ವ, ಸೀತನಿ ಇರ್ತೈತಿ" ಅಂದರು. ಮಂಗಳವೇಡೆ ಕಡೆಯ ಹೊಲಗಳಲ್ಲಿ ಆಗ ಜೋಳದ ತೆನೆ ಇನ್ನೂ ಹಸಿ ಇರುತ್ತದೆ. ಕೆಂಡದಲ್ಲಿ ಸುಟ್ಟು, ಕೈಯಲ್ಲಿ ತಿಕ್ಕಿ, ಹಸಿರು ಕಾಳನ್ನು ಬಿಸಿಬಿಸಿ ಇರುವಾಗಲೇ ಇದೇ ಹಿಂಡಿ ಹಚ್ಚಿಕೊಂಡು ತಿನ್ನಬೇಕು. ಅವಳು ಟಿಕೆಟ್ ಮಾಡಿಸಿದ್ದಾಳೆ. ನೀವೂ ಬರ್ರಿ, ನಮ್ಮ ಮನೆಯಲ್ಲಿ ಜಾಗ ಇದೆ.