ದವಡೆ ಬಿಗಿದವರನ್ನು ಕೇಳುವ ಬಗೆ

‘ಮೂರು ಬೆರಳು ಬಾಯೊಳಗೆ ಹೋಗತ್ತಲ್ಲ, ಮತ್ತೇನು ತೊಂದರೆ?’ ಅಡಿಕೆ ಜಗಿದು ದವಡೆ ಬಿಗಿದವರಿಗೆ ಊರಲ್ಲಿ ಇವತ್ತಿಗೂ ಸಿಗುವ ಸಮಾಧಾನ ಇದು. ಚೀನಾದ ಹುನಾನ್‌ನಲ್ಲಿ ಕೂತು ಕೇಳಿದರೆ ಸಂಕಟವಾಗುತ್ತದೆ. ಇಲ್ಲಿಯವರೂ ಅಡಿಕೆ ಜಗಿಯುವವರೇ. ಎಲೆ ಇಲ್ಲ, ಸಿಪ್ಪೆಸಮೇತ ಒಣಗಿಸಿ ಸಿಹಿ ಸವರಿದ್ದು. ಬಾಯೊಳಗಿನ ಪದರ ನಾರುಗಟ್ಟುವ ಕಾಯಿಲೆ ಮಾತ್ರ ಎರಡೂ ಕಡೆ ಒಂದೇ.

ಬಾಯಿ ಪೂರ್ತಿ ತೆರೆದಾಗ ಮೇಲಿನ, ಕೆಳಗಿನ ಬಾಚಿಹಲ್ಲುಗಳ ಅಂಚಿನ ನಡುವೆ 35 ಮಿ.ಮೀ. ಅಥವಾ ಅದಕ್ಕೂ ಕಡಿಮೆ ಇದ್ದರೆ ಟ್ರಿಸ್ಮಸ್ ಅನ್ನುತ್ತಾರೆ. ತಿನ್ನುವಾಗಿನ ಕಷ್ಟ, ನೋವು, ಬಿಗಿತ ಸ್ಕೇಲಿಗೆ ಸಿಗುವುದಿಲ್ಲ. ಅದಕ್ಕೆಂದೇ ಸ್ವೀಡನ್ನಿನ ಗೋಥೆನ್‌ಬರ್ಗ್‌ನಲ್ಲಿ ರೂಪಿಸಿ 2012ರಲ್ಲಿ ಪ್ರಕಟಿಸಿದ 21 ಪ್ರಶ್ನೆಗಳ ಪಟ್ಟಿಯಿದೆ.

ಅದನ್ನು ಚೀನೀ ರೋಗಿಗಳಿಗೆ ಹೊಂದಿಸುವ ಕ್ರಮ ನೋಡಿ. ಇಬ್ಬರು ಬೇರೆ ಬೇರೆಯಾಗಿ ಅನುವಾದಿಸಬೇಕು, ಅವರಲ್ಲೊಬ್ಬರು ವೈದ್ಯಲೋಕದ ಹೊರಗಿನವರಾದರೆ ಒಳ್ಳೆಯದು. ಎರಡನ್ನೂ ಕೂಡಿಸಿದ್ದನ್ನು, ಮೂಲವನ್ನೇ ನೋಡದವರು ತಿರುಗಿ ಮೂಲದ ಭಾಷೆಗೆ ಅನುವಾದಿಸಬೇಕು. ಆಮೇಲೆ 30-40 ರೋಗಿಗಳ ಎದುರು ಕೂತು, ‘ಏನು ಅರ್ಥವಾಯಿತು? ಈ ಉತ್ತರವನ್ನೇ ಯಾಕೆ ಆರಿಸಿದಿರಿ?’ ಎಂದು ಪ್ರಶ್ನೆ ಪ್ರಶ್ನೆಗೂ ಕೇಳಬೇಕು.

ಬಟ್ಟಲನ್ನು ತುಟಿಗೇ ಹಿಡಿದು ಚಾಪ್‌ಸ್ಟಿಕ್‌ನಿಂದ ಅನ್ನ ಒಳಗೆ ತಳ್ಳಿಕೊಳ್ಳುವವನಿಗೆ 25 ಮಿ.ಮೀ. ಬಾಯಿಯೂ ಸಾಕಾಗಿಬಿಡುತ್ತದೆ. ತಿನ್ನಲು ಕಷ್ಟವೇ ಅಂದರೆ ‘ಇಲ್ಲ’ ಅನ್ನುತ್ತಾನೆ, ತೊಂದರೆಯ ಅಂಕ ಇಳಿಯುತ್ತದೆ, ಬಿಗಿತ ಹಾಗೇ ಉಳಿಯುತ್ತದೆ. ಸ್ಯಾಂಡ್‌ವಿಚ್ ಕಚ್ಚಲಾಗುತ್ತದೆಯೇ ಎಂದು ಕೇಳುವ ಪಟ್ಟಿಗಳೂ ಇವೆ. ಅಲ್ಲಿ ಹೂರಣ ತುಂಬಿ ಹಬೆಯಲ್ಲಿ ಬೇಯಿಸಿದ ಬನ್, ಅಂದರೆ ಬಾವೋಝಿ ಬರಬೇಕು, ಕೈಯಲ್ಲಿ ಮುರಿಯದೆ ಕಚ್ಚುವ ಮಾತೂ ಸೇರಬೇಕು. ನಮ್ಮಲ್ಲಾದರೆ ಜಗಿಯದೆ ನುಂಗುವ ಮುದ್ದೆಯನ್ನೂ ಮುರಿದು ತಿನ್ನುವ ಜೋಳದ ರೊಟ್ಟಿಯನ್ನೂ ಬೇರೆ ಬೇರೆ ಕೇಳಬೇಕಾದೀತು. ದೇಶದಲ್ಲೇ ಅತಿಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು, ಇಷ್ಟು ಶ್ರಮ ನಮ್ಮ ರೋಗಿಗಳಿಗೂ ಸಲ್ಲಬೇಡವೇ?

ಒಂದೆರಡು ವಾರ ಬಿಟ್ಟು ಅದೇ ರೋಗಿಗಳಿಂದ ಮತ್ತೆ ಉತ್ತರ ತುಂಬಿಸಿ ಹೋಲಿಸುತ್ತಾರೆ. ಕ್ಯಾನ್ಸರಿಗೆ ರೇಡಿಯೇಷನ್ ಚಿಕಿತ್ಸೆ ನಡೆಯುತ್ತಿರುವವರನ್ನು ಇದಕ್ಕೆ ಸೇರಿಸಬಾರದು. ಅಷ್ಟರಲ್ಲಿ ದವಡೆಯೇ ಬದಲಾಗಿರುತ್ತದೆ, ತಪ್ಪೆಲ್ಲ ಪಟ್ಟಿಯ ಮೇಲೆ ಬರುತ್ತದೆ.

ಹಾಗಂತ ಬೆರಳಿನ ಪರೀಕ್ಷೆಯನ್ನು ತಳ್ಳಿಹಾಕಲಾರೆ. ಅದಕ್ಕೆ ಅಕ್ಷರ ಬೇಡ, ಕಾಸು ಬೇಡ. ರೋಗಿಯದೇ ಬೆರಳಾದರೆ ದೇಹದ ಅಳತೆಗೂ ಹೊಂದುತ್ತದೆ. ಹುನಾನಿನ ಹಳ್ಳಿಯಿಂದ ಬರುವ ವಯಸ್ಸಾದವರಿಗೆ ಇಲ್ಲೂ ಪಟ್ಟಿ ಓದಿ ಹೇಳಬೇಕು. ಓದುವವರು ಮಗನೋ ಸೊಸೆಯೋ ಆದರೆ ನೋವಿನ ಪ್ರಶ್ನೆಗೆ ಅಜ್ಜ ‘ಪರವಾಗಿಲ್ಲ’ ಎಂದುಬಿಡಬಹುದು. ಅಂಥ ಕಡೆ ನರ್ಸ್ ಓದುವುದೇ ಸರಿ, ಬರೆದದ್ದನ್ನು ಬರೆದ ಹಾಗೇ.